ಇಂಗಾಲ ಹೊಗೆಯಾಗಿ ಹೋಯಿತು, ಸಿಲಿಕಾನ್ ಬೂದಿಯಾಗಿ ಉಳಿಯಿತು: ಯಾಕೆ?

ಪ್ರಶ್ನೆ: ದಾವಣಗೆರೆ ಹತ್ತಿರದ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಇಂಗಾಲ, ಸಿಲಿಕಾನ್ ಎರಡೂ 14ನೇ ಗುಂಪಿನವು, ಎರಡಕ್ಕೂ ಹೊರಕವಚದಲ್ಲಿ ನಾಲ್ಕೇ ಇಲೆಕ್ಟ್ರಾನ್ ಎಂದು ಹೇಳುತ್ತಿದ್ದಾಗ ಅಕ್ಕಿ ಗಿರಣಿಯವರ ಮನೆಯ ಹುಡುಗನೊಬ್ಬ, ‘ಇದ್ದಿಲು ಉರಿದರೆ ಹಿಡಿ ಬೂದಿಯೂ ಉಳಿಯಲ್ಲ, ಹೊಟ್ಟು ಉರಿದರೆ ರಾಶಿ ಬೂದಿ ಯಾಕೆ ಸರ್?’ ಎಂದು ಕೇಳಿದ. ವಜ್ರ ಗಟ್ಟಿ, ಗ್ರಾಫೈಟ್ ಮೆತ್ತಗೆ ಇರುವುದಕ್ಕೆ ‘ಗ್ರಾಫೈಟಿನ ಬಂಧ ದುರ್ಬಲ’ ಎಂದರೆ ಸಾಕೇ? ಸಿಲಿಕಾನಿಗೆ ಗ್ರಾಫೈಟಿನಂಥ ರೂಪ ಯಾಕಿಲ್ಲ? ಕಾಲೇಜಿನ ಮಾಳಿಗೆ ಮೇಲಿನ ಸೋಲಾರ್ ಫಲಕಗಳು ಏಪ್ರಿಲ್ ಬಿಸಿಲಲ್ಲೂ ಪೂರ್ತಿ ಕರೆಂಟು ಕೊಡುವುದಿಲ್ಲವಲ್ಲ, ಅದಕ್ಕೂ ಇದಕ್ಕೂ ನಂಟಿದೆಯೇ? ತರಗತಿಯಲ್ಲಿ ಮಾಡಿ ತೋರಿಸುವಂಥದ್ದು ಏನಾದರೂ ಇದ್ದರೆ ತಿಳಿಸಿ.

ಉತ್ತರ: ಹುಡುಗನ ಪ್ರಶ್ನೆಯಿಂದಲೇ ಹೊರಡೋಣ. ನಿಮ್ಮ ಉಳಿದ ಪ್ರಶ್ನೆಗಳೆಲ್ಲ ಅದರ ಬೆನ್ನಿಗೇ ಬರುತ್ತವೆ.

ನೂರು ಕೆ.ಜಿ. ಭತ್ತ ಗಿರಣಿಗೆ ಹೋದರೆ ಸುಮಾರು 20 ಕೆ.ಜಿ. ಹೊಟ್ಟು ಸಿಗುತ್ತದೆ. ಅದನ್ನು ಬಾಯ್ಲರಿಗೆ ಹಾಕಿ ಉರಿಸಿದರೆ 4 ಕೆ.ಜಿ. ಆಸುಪಾಸು ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ (ಸಿಲಿಕಾನ್ ಡೈಆಕ್ಸೈಡ್), ಅಂದರೆ ರಾಸಾಯನಿಕವಾಗಿ ನೋಡಿದರೆ ಹೊಳೆಯ ಮರಳೇ. ಭತ್ತದ ಪೈರು ಗದ್ದೆಯ ನೀರಿನಲ್ಲಿ ಕರಗಿರುವ ಸಿಲಿಸಿಕ್ ಆಮ್ಲವನ್ನು ಬೇರಿನಿಂದ ಹೀರಿಕೊಂಡು, ಕಾಳಿನ ಹೊರಕವಚಕ್ಕೆ ತಂದು ಸಿಲಿಕಾ ಮಾಡಿ ಕೂಡಿಡುತ್ತದೆ. ಹೀಗೆ ಒಂದೇ ಹೊಟ್ಟಿನಲ್ಲಿ ಇಂಗಾಲವೂ ಇದೆ, ಸಿಲಿಕಾನೂ ಇದೆ. ಬೆಂಕಿ ಬಿದ್ದಾಗ ಇಂಗಾಲ ಆಮ್ಲಜನಕವನ್ನು ಕೂಡಿಕೊಂಡು ಅನಿಲವಾಗಿ ಚಿಮಣಿ ಹತ್ತುತ್ತದೆ. ಸಿಲಿಕಾನ್ ಮೊದಲೇ ಆಮ್ಲಜನಕದ ಕೈ ಹಿಡಿದು ಕೂತಿದೆ. ಉರಿಯಲು ಅದರಲ್ಲಿ ಏನೂ ಬಾಕಿಯಿಲ್ಲ, ಹಾರಿಹೋಗಲು ಬಿಡಿ ಅಣುವೂ ಇಲ್ಲ.

ಬಿಡಿ ಅಣು ಯಾಕಿಲ್ಲ ಎಂಬುದೇ ಇಲ್ಲಿರುವ ನಿಜವಾದ ಪ್ರಶ್ನೆ. ಇದಕ್ಕೆ ಬೋರ್ಡಿನ ಮೇಲೆ ನಾಲ್ಕು ಸಾಲಿನ ಲೆಕ್ಕ ಸಾಕು. ಆಮ್ಲಜನಕದ ಜೊತೆ ನಾಲ್ಕು ಬಂಧ ಕಟ್ಟಲು ಇಂಗಾಲಕ್ಕೆ ಎರಡು ದಾರಿ: ಎರಡು ಆಮ್ಲಜನಕಗಳ ಜೊತೆ ಎರಡು ಜೋಡಿಬಂಧ, ಇಲ್ಲವೇ ನಾಲ್ಕು ಆಮ್ಲಜನಕಗಳ ಜೊತೆ ನಾಲ್ಕು ಒಂಟಿಬಂಧ. ಇಂಗಾಲದ ಡೈಆಕ್ಸೈಡಿನಲ್ಲಿ ಜೋಡಿಬಂಧ ಒಂದಕ್ಕೆ ಮೋಲ್‌ಗೆ 804 ಕಿಲೊಜೂಲ್, ಎರಡಕ್ಕೆ 1608. ಇಂಗಾಲ–ಆಮ್ಲಜನಕ ಒಂಟಿಬಂಧ 358, ನಾಲ್ಕಕ್ಕೆ 1432. ಜೋಡಿಬಂಧದ್ದೇ ಲಾಭ. ಆದ್ದರಿಂದ ಇಂಗಾಲ ಎರಡು ಆಮ್ಲಜನಕಗಳನ್ನು ಕಟ್ಟಿಕೊಂಡು ತನ್ನ ಲೆಕ್ಕ ಮುಗಿಸಿ, ಪಕ್ಕದವರ ಹಂಗಿಲ್ಲದ ಪುಟ್ಟ ಅಣುವಾಗುತ್ತದೆ. ಈಗ ಸಿಲಿಕಾನ್. ಜೋಡಿಬಂಧ ಸುಮಾರು 640, ಎರಡಕ್ಕೆ 1280. ಒಂಟಿಬಂಧ 452, ನಾಲ್ಕಕ್ಕೆ 1808. ಇಲ್ಲಿ ಒಂಟಿಬಂಧಕ್ಕೆ 500ಕ್ಕೂ ಹೆಚ್ಚು ಕಿಲೊಜೂಲ್ ಮೇಲುಗೈ. ಹಾಗಾಗಿ ಪ್ರತಿ ಸಿಲಿಕಾನ್ ನಾಲ್ಕು ಆಮ್ಲಜನಕಗಳನ್ನೂ, ಪ್ರತಿ ಆಮ್ಲಜನಕ ಎರಡು ಸಿಲಿಕಾನ್‌ಗಳನ್ನೂ ಹಿಡಿದು ಕೊನೆಯಿಲ್ಲದ ಬಲೆ ಹೆಣೆಯುತ್ತವೆ. ಈ ಅಂಕಿಗಳು ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಹತ್ತಿಪ್ಪತ್ತು ಆಚೀಚೆ ಇರುತ್ತವೆ, ತೀರ್ಪು ಮಾತ್ರ ಬದಲಾಗುವುದಿಲ್ಲ.

ವಿದ್ಯಾರ್ಥಿಗಳು ಎಡವುವ ಜಾಗ ಇದು: ‘ಇಂಗಾಲದ ಡೈಆಕ್ಸೈಡ್ ಅನಿಲ, ಆದ್ದರಿಂದ ಅದರ ಬಂಧ ಸಡಿಲ’ ಎಂದುಕೊಳ್ಳುತ್ತಾರೆ. ತದ್ವಿರುದ್ಧ. 804 ಎಂಬುದು ರಸಾಯನಶಾಸ್ತ್ರದಲ್ಲಿ ದೊಡ್ಡ ಅಂಕಿ. ಸಡಿಲವಾಗಿರುವುದು ಒಂದು ಅಣುವಿಗೂ ಇನ್ನೊಂದು ಅಣುವಿಗೂ ನಡುವಿನ ಸೆಳೆತ. ಒಣ ಮಂಜುಗಡ್ಡೆ, ಅಂದರೆ ಘನರೂಪದ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿಯಲ್ಲಿ ಆವಿಯಾಗುವಾಗ ಒಂದೇ ಒಂದು ಇಂಗಾಲ–ಆಮ್ಲಜನಕ ಬಂಧವೂ ಮುರಿಯುವುದಿಲ್ಲ. ಸಿಲಿಕಾ ಕರಗಬೇಕಾದರೆ ಬಂಧಗಳೇ ಮುರಿದು ಮರುಜೋಡಣೆಯಾಗಬೇಕು, ಅದಕ್ಕೇ 1700 ಡಿಗ್ರಿ ದಾಟಬೇಕು. (ಇಂಗಾಲವನ್ನೂ ಬಲವಂತದಿಂದ ಈ ದಾರಿಗೆ ತರಬಹುದು. ಸುಮಾರು 4 ಲಕ್ಷ ವಾತಾವರಣದ ಒತ್ತಡ ಹಾಕಿ ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಬೆಣಚುಕಲ್ಲಿನಂಥ ಬಲೆಯಾಗಿ ಗಟ್ಟಿಯಾಗುತ್ತದೆ ಎಂಬುದನ್ನು 1999ರಲ್ಲಿ ಪ್ರಯೋಗದಲ್ಲಿ ಕಂಡರು. ಒತ್ತಡ ತೆಗೆದರೆ ಮತ್ತೆ ಅನಿಲದ ದಾರಿ.)

ಸಿಲಿಕಾನಿಗೆ ಜೋಡಿಬಂಧ ಯಾಕೆ ಒಗ್ಗುವುದಿಲ್ಲ? ಜೋಡಿಬಂಧದ ಮೊದಲ ಎಳೆ, ಸಿಗ್ಮಾ, ಎರಡು ಪರಮಾಣುಗಳ ನೇರ ರೇಖೆಯಲ್ಲಿ ಕೂರುತ್ತದೆ. ಎರಡನೆಯದು, ಪೈ, ಪಿ ಕಕ್ಷಕಗಳು (ಇಲೆಕ್ಟ್ರಾನ್ ಇರುವ ಡಂಬೆಲ್ ಆಕಾರದ ಜಾಗಗಳು) ಮಗ್ಗುಲಿಂದ ಮಗ್ಗುಲಿಗೆ ತಾಗಿ ಆಗಬೇಕು. ಮಗ್ಗುಲು ತಾಗಲು ಪರಮಾಣುಗಳು ಒತ್ತಿಕೊಂಡು ನಿಲ್ಲಬೇಕು. ಇಂಗಾಲದ ಒಳಕವಚದಲ್ಲಿ ಇರುವುದು ಎರಡೇ ಇಲೆಕ್ಟ್ರಾನ್. ಜೋಡಿಬಂಧದಲ್ಲಿ ಎರಡು ಇಂಗಾಲಗಳು 1.34 ಆಂಗ್‌ಸ್ಟ್ರಾಂವರೆಗೂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯ ಒಂದು ಪಾಲು) ಹತ್ತಿರ ಬರುತ್ತವೆ. ಸಿಲಿಕಾನಿನ ಒಳಗೆ ಹತ್ತು ಇಲೆಕ್ಟ್ರಾನ್‌ಗಳ ತುಂಬಿದ ಸಂಸಾರ. ಸಿಲಿಕಾನ್–ಸಿಲಿಕಾನ್ ಬಂಧದ ಉದ್ದ 2.35 ಆಂಗ್‌ಸ್ಟ್ರಾಂ. ಅಷ್ಟು ದೂರದಲ್ಲಿ ನಿಂತು ಮಗ್ಗುಲು ತಾಗಿಸುವುದು ಹೆಸರಿಗೆ ಮಾತ್ರ. ಸಿಲಿಕಾನ್–ಸಿಲಿಕಾನ್ ಜೋಡಿಬಂಧವಿರುವ ಸ್ಥಿರವಾದ ಸಂಯುಕ್ತ ಸಿಕ್ಕಿದ್ದೇ 1981ರಲ್ಲಿ. ಅದೂ ಸುತ್ತ ದಪ್ಪ ದಪ್ಪ ಗುಂಪುಗಳನ್ನು ಬೇಲಿಯಂತೆ ಕಟ್ಟಿ ಕಾಪಾಡಿದ ಮೇಲೆ.

ಈ ಒಂದು ಸಂಗತಿಯನ್ನು ಬಿಗಿಯಾಗಿ ಹಿಡಿದುಕೊಳ್ಳಿ: ಇಂಗಾಲಕ್ಕೆ ಪೈ ಬಂಧ ಸಲೀಸು, ಸಿಲಿಕಾನಿಗೆ ಅಲ್ಲ. ‘ಒಂದೇ ಗುಂಪು, ಒಂದೇ ಗುಣ’ ಎಂಬ ಪಠ್ಯಪುಸ್ತಕದ ಮಾತು ಇಲ್ಲಿಗೆ ಬಂದಾಗ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗ ಗ್ರಾಫೈಟ್. ‘ಬಂಧ ದುರ್ಬಲ’ ಎಂದರೆ ಅರ್ಧ ಸತ್ಯ, ಆ ಅರ್ಧವೂ ದಾರಿ ತಪ್ಪಿಸುವಂಥದ್ದು. ವಜ್ರದಲ್ಲಿ ಪ್ರತಿ ಇಂಗಾಲಕ್ಕೆ ನಾಲ್ಕು ದಿಕ್ಕಿನಲ್ಲಿ ನಾಲ್ಕು ಸಿಗ್ಮಾ ಬಂಧ, ಉದ್ದ 1.54 ಆಂಗ್‌ಸ್ಟ್ರಾಂ, ನಡುವಿನ ಕೋನ 109.5 ಡಿಗ್ರಿ. ಗ್ರಾಫೈಟಿನ ಹಾಳೆಯಲ್ಲಿ ಪ್ರತಿ ಇಂಗಾಲಕ್ಕೆ ಮೂರು ನೆರೆಯವರು, ಉದ್ದ 1.42. ಗಿಡ್ಡವಾದಷ್ಟೂ ಬಂಧ ಬಿಗಿ. ಹಾಳೆಯ ಒಳಗೆ ಗ್ರಾಫೈಟಿನ ಒಂದೊಂದು ಬಂಧವೂ ವಜ್ರದ್ದಕ್ಕಿಂತ ಬಲವಾದದ್ದು. ಮೂರು ಬಂಧಕ್ಕೆ ಮೂರು ಇಲೆಕ್ಟ್ರಾನ್ ಖರ್ಚಾಗಿ ಉಳಿದ ನಾಲ್ಕನೆಯದು ಪೈ ಬಂಧಕ್ಕೆ ಸೇರಿ ಹಾಳೆಯಿಡೀ ಓಡಾಡಿಕೊಂಡಿರುತ್ತದೆ. ಕರೆಂಟು ಹರಿಯುವುದು, ಬಣ್ಣ ಕಪ್ಪಾಗಿರುವುದು ಎರಡೂ ಅದರಿಂದಲೇ. ಹಾಳೆಗೂ ಹಾಳೆಗೂ ನಡುವೆ ಮಾತ್ರ 3.35 ಆಂಗ್‌ಸ್ಟ್ರಾಂ ಅಂತರ. ಅಲ್ಲಿ ಬಂಧವೆನ್ನುವಂಥದ್ದೇ ಇಲ್ಲ, ಬರೀ ಸಣ್ಣ ಸೆಳೆತ. ಪೆನ್ಸಿಲ್ ಉಜ್ಜಿದಾಗ ಹಾಳೆಗಳು ಹರಿಯುವುದಿಲ್ಲ, ಇಸ್ಪೀಟ್ ಕಟ್ಟಿನ ಎಲೆಗಳ ಹಾಗೆ ಜಾರುತ್ತವೆ.

ಜಾರುವುದಕ್ಕೂ ಒಂದು ಷರತ್ತಿದೆ, ಪಠ್ಯದಲ್ಲಿ ಇದು ಇರುವುದಿಲ್ಲ. ಗ್ರಾಫೈಟ್ ಚೆನ್ನಾಗಿ ಜಾರಬೇಕಾದರೆ ಗಾಳಿಯ ತೇವ ಬೇಕು. ಹಾಳೆಗಳ ಅಂಚಿನಲ್ಲಿ ಜೊತೆಯಿಲ್ಲದೆ ಉಳಿದ ಬಂಧಗಳ ಬಾಯನ್ನು ನೀರಿನ ಆವಿ ಮುಚ್ಚುತ್ತದೆ; ಆವಿ ಇಲ್ಲದಿದ್ದರೆ ಆ ಅಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಹಳ ಎತ್ತರಕ್ಕೆ ಹಾರಿದ ವಿಮಾನಗಳ ಜನರೇಟರಿನ ಕಾರ್ಬನ್ ಬ್ರಷ್‌ಗಳು ಬೇಗ ಪುಡಿಯಾಗಿ ಉದುರಿದ್ದು ಇದೇ ಕಾರಣಕ್ಕೆ. ಆ ಎತ್ತರದ ಗಾಳಿಯಲ್ಲಿ ತೇವವಿಲ್ಲ.

ಸಿಲಿಕಾನಿಗೆ ಗ್ರಾಫೈಟ್ ರೂಪ ಯಾಕಿಲ್ಲ ಎಂಬುದಕ್ಕೆ ಉತ್ತರ ಆಗಲೇ ಬಂದಾಯಿತು: ಆ ನಾಲ್ಕನೇ ಇಲೆಕ್ಟ್ರಾನನ್ನು ಪೈ ಬಂಧದಲ್ಲಿ ಇಟ್ಟರೆ ಸಿಲಿಕಾನಿಗೆ ನಷ್ಟ. ಸಾಮಾನ್ಯ ಒತ್ತಡದಲ್ಲಿ ಅದಕ್ಕೆ ಒಗ್ಗುವುದು ವಜ್ರದ ವಿನ್ಯಾಸ ಮಾತ್ರ. 2012ರಲ್ಲಿ ಬೆಳ್ಳಿಯ ಮೇಲೆ ಒಂದು ಪರಮಾಣು ದಪ್ಪದ ಸಿಲಿಕಾನ್ ಹಾಳೆ, ಸಿಲಿಸೀನ್, ಬೆಳೆಸಿದ್ದುಂಟು. ಅದು ಗ್ರಾಫೀನ್ (ಗ್ರಾಫೈಟಿನ ಒಂಟಿ ಹಾಳೆ) ಹಾಗೆ ಸಪಾಟಾಗಿಲ್ಲ, ಸುಕ್ಕುಸುಕ್ಕು. ಗಾಳಿ ಸೋಕಿದರೆ ಆಕ್ಸೈಡ್ ಆಗಿಬಿಡುತ್ತದೆ.

ಹಾಗಾದರೆ ವಜ್ರವೂ ಸಿಲಿಕಾನೂ ಒಂದೇ ವಿನ್ಯಾಸದವು. ಆದರೂ ಒಂದು ಪಾರದರ್ಶಕ ಅವಾಹಕ, ಇನ್ನೊಂದು ಬೂದು ಹೊಳಪಿನ ಅರೆವಾಹಕ. ಇಲ್ಲಿ ಕೆಲಸ ಮಾಡುವುದು ಬಂಧದ ಉದ್ದ. ಬಂಧದಲ್ಲಿ ಕಟ್ಟಿಬಿದ್ದ ಇಲೆಕ್ಟ್ರಾನನ್ನು ಬಿಡಿಸಿ ಓಡಾಡಲು ಬಿಡಲು ಬೇಕಾದ ಶಕ್ತಿಗೆ ಬ್ಯಾಂಡ್ ಗ್ಯಾಪ್ ಎನ್ನುತ್ತೇವೆ. ವಜ್ರಕ್ಕೆ 5.5 ಇಲೆಕ್ಟ್ರಾನ್ ವೋಲ್ಟ್, ಸಿಲಿಕಾನಿಗೆ 1.12, ಜರ್ಮೇನಿಯಮ್‌ಗೆ 0.67. ಅದೇ ಗುಂಪಿನ ತವರ 13 ಡಿಗ್ರಿಗಿಂತ ತಣ್ಣಗಿದ್ದಾಗ ತಾಳುವ ಬೂದು ರೂಪವೂ ಇದೇ ವಿನ್ಯಾಸದ್ದು, ಅದರ ಗ್ಯಾಪ್ ಹೆಚ್ಚುಕಡಿಮೆ ಸೊನ್ನೆ. ಬೆಳಕಿನ ಕಣಗಳಲ್ಲಿ ಇರುವುದು ಸುಮಾರು 1.7ರಿಂದ 3.1 ಇಲೆಕ್ಟ್ರಾನ್ ವೋಲ್ಟ್. ವಜ್ರದ ಇಲೆಕ್ಟ್ರಾನಿಗೆ ಅದು ಸಾಲದು, ಬೆಳಕು ಹಾಯ್ದುಹೋಗುತ್ತದೆ. ಸಿಲಿಕಾನಿಗೆ ಬೇಕಾದಷ್ಟಾಯಿತು, ಬೆಳಕನ್ನು ನುಂಗಿ ಇಲೆಕ್ಟ್ರಾನ್ ಬಿಡುತ್ತದೆ. ಸೋಲಾರ್ ಫಲಕದ ಗುಟ್ಟು ಇಷ್ಟೇ.

ಶುದ್ಧ ಸಿಲಿಕಾನ್ ಕೋಣೆಯ ತಾಪದಲ್ಲಿ ಎಷ್ಟು ಜಿಪುಣ ನೋಡಿ: 5 ಲಕ್ಷ ಕೋಟಿ ಪರಮಾಣುಗಳಿಗೆ ಒಂದು ಬಿಡಿ ಇಲೆಕ್ಟ್ರಾನ್. ಅದಕ್ಕೆ ಐದು ಕೋಟಿ ಪರಮಾಣುಗಳಿಗೆ ಒಂದರಂತೆ ರಂಜಕ ಬೆರೆಸಿದರೆ, ರಂಜಕದ ಐದನೇ ಇಲೆಕ್ಟ್ರಾನಿಗೆ ಬಂಧದಲ್ಲಿ ಜಾಗವಿಲ್ಲದೆ ಅದು ಬಿಡಿಯಾಗಿ ಉಳಿಯುತ್ತದೆ. ರೋಧಶೀಲತೆ (ವಸ್ತು ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ) 2 ಲಕ್ಷ ಓಮ್-ಸೆಂಟಿಮೀಟರ್‌ಗೂ ಮೇಲಿದ್ದದ್ದು ಐದರ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ಚಿಟಿಕೆಗೆ ಇಷ್ಟು ಪರಿಣಾಮ ಆಗಬೇಕಾದರೆ ಮೂಲ ವಸ್ತು ಎಷ್ಟು ಶುದ್ಧವಿರಬೇಕು ಎಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿ.

ನಿಮ್ಮ ಮಾಳಿಗೆಯ ಫಲಕದ ವಿಷಯ: ಅದರ ಮೇಲೆ ಬರೆದಿರುವ ವ್ಯಾಟ್, ಕೋಶದ ತಾಪ 25 ಡಿಗ್ರಿ ಇದ್ದಾಗಿನದ್ದು. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಫಲಕ 65 ಡಿಗ್ರಿ ಮುಟ್ಟುವುದು ವಿಶೇಷವಲ್ಲ. ತಾಪ ಏರಿದಂತೆ ಬಂಧಗಳು ಸ್ವಲ್ಪ ಸಡಿಲವಾಗಿ ಬ್ಯಾಂಡ್ ಗ್ಯಾಪ್ ಕಿರಿದಾಗುತ್ತದೆ, ಜೊತೆಗೆ ಶಾಖದಿಂದಲೇ ಬಿಡಿ ಇಲೆಕ್ಟ್ರಾನ್‌ಗಳು ಹುಟ್ಟಿ ಕೋಶದ ಒಳಗೇ ಸೋರಿಕೆ ಹೆಚ್ಚುತ್ತದೆ; ಪ್ರತಿ ಡಿಗ್ರಿಗೆ ಕೋಶವೊಂದರ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಬೀಳುತ್ತದೆ. ಒಟ್ಟು ಉತ್ಪಾದನೆಯ ಲೆಕ್ಕದಲ್ಲಿ ಡಿಗ್ರಿಗೆ ಶೇ 0.3ರಿಂದ 0.4 ನಷ್ಟ. ಶೇ 0.35 ಎಂದಿಟ್ಟುಕೊಂಡರೆ 40 ಡಿಗ್ರಿಗೆ ಶೇ 14. 3 ಕಿಲೋವ್ಯಾಟ್ ಫಲಕ 2.6ಕ್ಕೆ ಬರುತ್ತದೆ. ಮೇಲೆ ಧೂಳು ಕೂತರೆ ಇನ್ನೂ ಕಡಿಮೆ. ತಗಡಿನ ಮಾಳಿಗೆಗೆ ಅಂಟಿಸಿದಂತೆ ಫಲಕ ಕೂರಿಸಿದ್ದರೆ, ಕೆಳಗೆ ನಾಲ್ಕೈದು ಇಂಚು ಗಾಳಿ ಆಡಲು ಬಿಟ್ಟು ಎತ್ತರಿಸಿ. ಮಟಮಟ ಮಧ್ಯಾಹ್ನ ತಣ್ಣೀರು ಸುರಿದು ತೊಳೆಯಬೇಡಿ. ಗಾಜು ಬಿಸಿಯಲ್ಲಿರುತ್ತದೆ, ಒಳಗಿನ ಸಿಲಿಕಾನ್ ಬಿಲ್ಲೆ 0.2 ಮಿಲಿಮೀಟರ್‌ಗಿಂತ ತೆಳು. ನಿರ್ದಿಷ್ಟ ದಿಕ್ಕಿಗೇ ಕಟ್ಟಿಬಿದ್ದ ಸಿಗ್ಮಾ ಬಂಧಗಳ ಹರಳು ಲೋಹದಂತೆ ಬಾಗಿ ಸುಧಾರಿಸಿಕೊಳ್ಳುವುದಿಲ್ಲ, ಬಿರುಕು ಬಿಡುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲೇ ತೊಳೆಯಿರಿ.

‘ಗಟ್ಟಿ’ ಎಂಬ ಮಾತಿಗೂ ಇಲ್ಲೊಂದು ಎಚ್ಚರಿಕೆ. ವಜ್ರ ಗೀರಿಗೆ ಬಗ್ಗುವುದಿಲ್ಲ, ಸುತ್ತಿಗೆ ಏಟಿಗೆ ಸೀಳುತ್ತದೆ.

ಇಂಗಾಲ, ಸಿಲಿಕಾನ್ ಸರಿಪಾಲಾಗಿ ಕೂಡಿದರೆ ಸಿಲಿಕಾನ್ ಕಾರ್ಬೈಡ್: ಬಂಧದ ಉದ್ದ ಎರಡರ ನಡುವೆ, 1.89 ಆಂಗ್‌ಸ್ಟ್ರಾಂ, ಗಡಸುತನದ ಮೋಸ್ ಅಳತೆಯಲ್ಲಿ (ವಜ್ರಕ್ಕೆ 10) 9ರ ಮೇಲೆ. ಅಕ್ಕಿ ಪಾಲಿಶ್ ಮಾಡುವ ಯಂತ್ರದ ಕಲ್ಲಿನಲ್ಲಿ, ಸಾಣೆಚಕ್ರದಲ್ಲಿ ಇರುವ ಕಾರ್ಬೊರಂಡಮ್ ಇದೇ. ಹುಡುಗನ ಗಿರಣಿಯ ಹೊಟ್ಟನ್ನೇ ಗಾಳಿ ತಾಗದಂತೆ 1500 ಡಿಗ್ರಿ ಆಸುಪಾಸು ಕಾಯಿಸಿದರೆ ಸಿಲಿಕಾದ ಆಮ್ಲಜನಕವನ್ನು ಇಂಗಾಲವೇ ಕಿತ್ತುಕೊಂಡು ಇದು ತಯಾರಾಗುತ್ತದೆ. ಕಾರ್ಖಾನೆಯ ವಿಧಾನ ಬೇರೆ, ಮರಳು ಮತ್ತು ಪೆಟ್ರೋಲಿಯಂ ಕೋಕ್‌ನದ್ದು. ಬಂಗಾರದ ಅಂಗಡಿಯವರು ವಜ್ರ ಪರೀಕ್ಷಿಸುವ ಪೆನ್ನು ನೋಡುವುದು ಹೊಳಪನ್ನಲ್ಲ, ಶಾಖ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನು. ಹಗುರ ಪರಮಾಣು, ಬಿಗಿ ಬಂಧ ಇದ್ದಲ್ಲಿ ಕಂಪನ ಬೇಗ ದಾಟುತ್ತದೆ: ಶಾಖವಾಹಕತೆ (ಮೀಟರ್-ಕೆಲ್ವಿನ್‌ಗೆ ವ್ಯಾಟ್ ಲೆಕ್ಕದಲ್ಲಿ) ತಾಮ್ರದ್ದು 400 ಇದ್ದರೆ ವಜ್ರದ್ದು 2000, ಸಿಲಿಕಾನಿನದು 150. ಮಾಯ್ಸನೈಟ್ ಎಂದು ಮಾರುವ ಸಿಲಿಕಾನ್ ಕಾರ್ಬೈಡ್ ಹರಳಿನ ಬಂಧವೂ ಇದೇ ಜಾತಿಯದ್ದಾದ್ದರಿಂದ ಆ ಪೆನ್ನನ್ನು ಏಮಾರಿಸುತ್ತದೆ; ವಿದ್ಯುತ್ ವಾಹಕತೆಯನ್ನೂ ನೋಡುವ ಪರೀಕ್ಷಕ ಬೇಕು.

ಗ್ರಾನೈಟ್ ಕೊಯ್ಯುವ ವಜ್ರದ ಬ್ಲೇಡಿನಲ್ಲಿ ಕಬ್ಬಿಣದ ಸರಳು ಕೊಯ್ಯಬಾರದು ಎನ್ನುವುದೂ ಬಂಧದ ಮಾತೇ. ಕಾದ ಕಬ್ಬಿಣ ಇಂಗಾಲವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ವಜ್ರದ ಕಣಗಳ ಮೊನೆ ಸವೆದು ಬ್ಲೇಡ್ ಬೋಳಾಗುತ್ತದೆ. ಸಿಲಿಕಾನ್ ಕಾರ್ಬೈಡ್ ಚಕ್ರಕ್ಕೂ ಉಕ್ಕಿನಿಂದ ಇದೇ ಗತಿ, ಅದಕ್ಕೇ ಉಕ್ಕಿಗೆ ಅಲ್ಯುಮಿನಾ ಚಕ್ರ.

ಚಿತ್ರದುರ್ಗದ ಕೋಟೆ ಬಂಡೆಗಳನ್ನು ಮಕ್ಕಳು ಪ್ರವಾಸದಲ್ಲಿ ನೋಡಿರುತ್ತಾರೆ, ಪಾಠಕ್ಕೆ ಬಳಸಿಕೊಳ್ಳಿ. ಗ್ರಾನೈಟಿನಲ್ಲಿ ಗಾಜಿನಂತೆ ಕಾಣುವ ಕಣ ಬೆಣಚುಕಲ್ಲು, ಮಾಸಲು ಬಿಳಿ ಅಥವಾ ನಸುಗೆಂಪು ಕಣ ಫೆಲ್ಡ್‌ಸ್ಪಾರ್. ಬೆಣಚುಕಲ್ಲು ಪೂರ್ತಿ ಸಿಲಿಕಾನ್–ಆಮ್ಲಜನಕದ ಬಲೆ. ಫೆಲ್ಡ್‌ಸ್ಪಾರ್‌ನಲ್ಲಿ ಕೆಲವು ಸಿಲಿಕಾನ್ ಜಾಗದಲ್ಲಿ ಅಲ್ಯುಮಿನಿಯಂ ಕೂತಿದೆ. ಲೆಕ್ಕ ಸರಿದೂಗಿಸಲು ಪೊಟ್ಯಾಸಿಯಂ, ಸೋಡಿಯಂ ಅಯಾನುಗಳು ಸಂದಿಯಲ್ಲಿ ಸೇರಿಕೊಂಡಿವೆ. ಮಳೆನೀರು ಮೊದಲು ಎಳೆದುಕೊಳ್ಳುವುದು ಆ ಅಯಾನುಗಳನ್ನು. ಫೆಲ್ಡ್‌ಸ್ಪಾರ್ ಕಾಲಾಂತರದಲ್ಲಿ ಜೇಡಿಯಾಗುತ್ತದೆ, ಬೆಣಚು ಮರಳಾಗಿ ಉದುರುತ್ತದೆ, ಬಂಡೆಯ ಮೂಲೆಗಳು ಉರುಟಾಗುತ್ತವೆ. ಬಂಡೆಯ ಮೇಲೆ ಬೆಂಕಿ ಹಾಕಿ ಚಕ್ಕೆ ಎಬ್ಬಿಸುವ ಹಳೆಯ ಪದ್ಧತಿಯ ಹಿಂದೆಯೂ ಈ ಕಣಗಳೇ ಇವೆ: ಕಾದಾಗ ಬೆಣಚು ಹೆಚ್ಚು ಹಿಗ್ಗುತ್ತದೆ, 573 ಡಿಗ್ರಿಯಲ್ಲಿ ಅದರ ಬಲೆಯ ಕೋನಗಳು ಒಮ್ಮೆಲೇ ಹೊರಳಿಕೊಳ್ಳುತ್ತವೆ.

ಇನ್ನು ಮಾಡಿ ತೋರಿಸುವುದು. ಮೊದಲು ಪೆನ್ಸಿಲ್. ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ 8ಬಿ ಪೆನ್ಸಿಲಿನಿಂದ 1 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಪಟ್ಟಿಯನ್ನು ಹತ್ತು ಹದಿನೈದು ಸಲ ಒತ್ತಿ ತುಂಬಿಸಿ. ಮಲ್ಟಿಮೀಟರನ್ನು 200 ಕಿಲೊಓಮ್‌ಗೆ ಇಟ್ಟು 5 ಸೆಂ.ಮೀ. ಅಂತರದಲ್ಲಿ ಒಮ್ಮೆ, 10 ಸೆಂ.ಮೀ. ಅಂತರದಲ್ಲಿ ಒಮ್ಮೆ ಓದಿ. ಪಟ್ಟಿ ಸಮನಾಗಿದ್ದರೆ ಎರಡನೆಯದು ಹೆಚ್ಚುಕಡಿಮೆ ಇಮ್ಮಡಿ. ಆಮೇಲೆ ಎಚ್‌ಬಿ ಪೆನ್ಸಿಲಿನಲ್ಲಿ ಅದೇ ಅಳತೆಯ ಪಟ್ಟಿ ಮಾಡಿದರೆ ರೋಧ ಏರುತ್ತದೆ. ಎಚ್‌ಬಿ ಕಡ್ಡಿಯಲ್ಲಿ ಸುಮಾರು ಕಾಲುಭಾಗ ಜೇಡಿ. ಅಂದರೆ ಇಂಗಾಲದ ಹಾಳೆಗಳ ನಡುವೆ ಸಿಲಿಕೇಟಿನ ಹಾಳೆಗಳು, ಅವುಗಳಲ್ಲಿ ಓಡಾಡುವ ಇಲೆಕ್ಟ್ರಾನ್ ಇಲ್ಲ. ಮೀಟರ್ ‘1’ ತೋರಿಸಿ ನಿಂತರೆ ವ್ಯಾಪ್ತಿ ಸಾಲದು ಎಂದರ್ಥ. ಎರಡು ಮೊನೆಗಳನ್ನೂ ಬೆರಳಲ್ಲಿ ಒತ್ತಿ ಹಿಡಿದರೆ ಮೈಯ ರೋಧವೂ ಸೇರಿ ಓದು ಕೆಡುತ್ತದೆ.

ಇದ್ದಿಲನ್ನೂ ಹೀಗೇ ಅಳೆಯಿಸಿ, ಒಂದು ತಮಾಷೆ ಕಾಣುತ್ತದೆ: ಕೆಲವು ತುಂಡುಗಳಲ್ಲಿ ಕರೆಂಟು ಹರಿಯುತ್ತದೆ, ಕೆಲವದರಲ್ಲಿ ಇಲ್ಲ. 500 ಡಿಗ್ರಿಯೊಳಗೆ ಸುಟ್ಟ ಇದ್ದಿಲಲ್ಲಿ ಗ್ರಾಫೈಟ್ ಮಾದರಿಯ ಹಾಳೆಗಳು ಚಿಕ್ಕ ಚಿಕ್ಕ ತುಣುಕು, ಒಂದಕ್ಕೊಂದು ಸೇರಿಲ್ಲ. 600ರಿಂದ 800ರ ನಡುವೆ ಅವು ಬೆಳೆದು ಕೂಡಿಕೊಳ್ಳುತ್ತವೆ. ಯಾವ ತುಂಡು ಒಲೆಯ ನಡುಮಧ್ಯದ್ದು ಎಂದು ಮೀಟರೇ ಹೇಳುತ್ತದೆ.

ಕೊನೆಗೆ ಹೊಟ್ಟು. 10 ಗ್ರಾಂನ ಎರಡು ಪಾಲು ಮಾಡಿ. ಒಂದನ್ನು ಬರೀ ನೀರಲ್ಲಿ ತೊಳೆದು ಒಣಗಿಸಿ. ಇನ್ನೊಂದನ್ನು ಗಾಜಿನ ಬೀಕರಿನಲ್ಲಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದೊಂದಿಗೆ (ಸಾಂದ್ರ ಆಮ್ಲ ಒಂದು ಪಾಲು, ನೀರು ಹನ್ನೊಂದು ಪಾಲು, ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ) ಆವಿ ಹೊರಹೋಗುವ ಜಾಗದಲ್ಲಿ ಒಂದು ಗಂಟೆ ಕುದಿಸಿ, ನೀಲಿ ಲಿಟ್ಮಸ್ ಕೆಂಪಾಗುವುದು ನಿಲ್ಲುವವರೆಗೆ ತೊಳೆದು ಒಣಗಿಸಿ. ಎರಡನ್ನೂ ಪಿಂಗಾಣಿ ಮೂಸೆಯಲ್ಲಿಟ್ಟು, ಮಫಲ್ ಕುಲುಮೆಯಲ್ಲಿ 600 ಡಿಗ್ರಿಯಲ್ಲಿ ಎರಡು ಗಂಟೆ. ಒಂದೂವರೆಯಿಂದ ಎರಡು ಗ್ರಾಂ ಉಳಿಯುತ್ತದೆ. ಆಮ್ಲದಲ್ಲಿ ಕುದಿಸಿದ್ದು ಬೆಳ್ಳಗೆ, ಕುದಿಸದ್ದು ಬೂದು ಅಥವಾ ಕಪ್ಪು. ವ್ಯತ್ಯಾಸ ಮಾಡಿದ್ದು ಪೊಟ್ಯಾಸಿಯಂ. ಅದು ಸಿಲಿಕಾನ್–ಆಮ್ಲಜನಕ–ಸಿಲಿಕಾನ್ ಸೇತುವೆಗಳನ್ನು ಅಲ್ಲಲ್ಲಿ ಮುರಿದು, ಗಾಜು ಮಾಡುವಾಗ ಸೋಡಾ ಮಾಡುವ ಹಾಗೆ, ಸಿಲಿಕಾವನ್ನು ಕಡಿಮೆ ತಾಪಕ್ಕೇ ಮೆತ್ತಗಾಗಿಸುತ್ತದೆ. ಆ ಪೊರೆಯ ಅಡಿ ಸಿಕ್ಕ ಇಂಗಾಲಕ್ಕೆ ಗಾಳಿ ಸಿಗದೆ ಅದು ಕರ್ರಗೇ ಉಳಿಯುತ್ತದೆ. ಕುಲುಮೆಯನ್ನು 800 ದಾಟಿಸಬೇಡಿ. ಸಿಲಿಕಾ ಕ್ರಿಸ್ಟೊಬಲೈಟ್ ಹರಳಾಗತೊಡಗುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗಿರಣಿಯ ಬಾಯ್ಲರ್ ಬೂದಿಯಲ್ಲಿ ಅದು ಇರಬಹುದು, ಬಾಚುವವರು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಬಾಚಲಿ.

ಬೆಳ್ಳಗಿನ ಬೂದಿಯನ್ನು ಪುಡಿ ಮಾಡುವ ಮೊದಲು ಒಂದು ಚೂರನ್ನು ಚಿಮ್ಮಟದಲ್ಲಿ ಎತ್ತಿ ಭೂತಗನ್ನಡಿಯಲ್ಲಿ ತೋರಿಸಿ. ಹೊಟ್ಟಿನ ದೋಣಿಯಾಕಾರ ಹಾಗೇ ಇರುತ್ತದೆ, ಹೊರಮೈಯ ಸಾಲುಸಾಲು ಗುಬಟುಗಳೂ ಇರುತ್ತವೆ. ಊದಿದರೆ ಹಾರುವಷ್ಟು ಹಗುರ.